ಮನೆಬಾಗಿಲ ಲೆಕ್ಕ

ಬಜಪೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ವಿಮಾನ ನಿಲ್ದಾಣ. 1951ರಲ್ಲಿ ಶುರುವಾದ ಈ ನಿಲ್ದಾಣ ಇಂದು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರ ಹೆಬ್ಬಾಗಿಲು. ಅದೇ ಊರಿನ ಸುತ್ತ, ಪೆರ್ಮುದೆ, ಎಕ್ಕಾರು, ಕಟೀಲು ಕಡೆಯ ಒಳದಾರಿಗಳಲ್ಲಿ, ಇನ್ನೊಂದು ಬಗೆಯ ದುಡಿಮೆ ತಲೆಮಾರುಗಳಿಂದ ನಡೆದುಬಂದಿದೆ. ಅದು ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಕೆಲಸ. ಸಮಾಜಕ್ಕೆ ಉಪಯೋಗವಾಗುವಂಥ ಉದ್ಯಮ ಕಟ್ಟಬೇಕೆಂದು ಹೊರಡುವ ಇಂದಿನ ಯುವಕ ಯುವತಿಯರು ಮೊದಲು ಹುಡುಕುವುದು ಹೊಸ ಆ್ಯಪ್, ಹೊಸ ಯಂತ್ರ, ಹೊಸ ಐಡಿಯಾ. ಕರಾವಳಿಯ ನೂರು ವರ್ಷದ ಅನುಭವ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಬಾಳಿದ ಉದ್ಯಮಗಳೆಲ್ಲ ಮೊದಲು ಅರಿತದ್ದು ದುಡಿಯುವ ಮನುಷ್ಯನ ದಿನಚರಿಯನ್ನು: ಕಚ್ಚಾ ಸಾಮಗ್ರಿ ಮನೆಗೆ ಯಾವಾಗ ಬರುತ್ತದೆ, ಮಾಡಿದ್ದನ್ನು ಯಾರು ಒಯ್ಯುತ್ತಾರೆ, ದುಡ್ಡು ಯಾವ ದಿನ ಕೈಗೆ ಸಿಗುತ್ತದೆ.

ಬೀಡಿಯನ್ನೇ ನೋಡೋಣ. ನೆನೆಸಿದ ಎಲೆಯನ್ನು ಅಳತೆಯ ತಗಡಿಟ್ಟು ಕತ್ತರಿಸಬೇಕು, ಮಡಿಲ ಮೇಲಿನ ತಡ್ಪೆ ಎಂಬ ಮೊರದಿಂದ ಚಿಟಿಕೆ ಹೊಗೆಸೊಪ್ಪು ತೆಗೆದು ತುಂಬಬೇಕು, ಸುರುಳಿ ಸುತ್ತಿ ನೂಲು ಕಟ್ಟಿ ತುದಿ ಮಡಚಬೇಕು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಬೆನ್ನು ಬಾಗುವ, ಹೊಗೆಸೊಪ್ಪಿನ ದೂಳು ಕುಡಿಯುವ ಈ ಕೆಲಸವನ್ನು ಯಾರೂ ಹೊಗಳಬೇಕಾಗಿಲ್ಲ. ಆದರೂ ಇದು ಇಷ್ಟು ಕಾಲ ನಿಂತದ್ದು ಹೇಗೆ? ಊರಿನಲ್ಲೇ ಒಂದು ಬೀಡಿ ಬ್ರಾಂಚ್. ಎಲೆ, ಹೊಗೆಸೊಪ್ಪು ಅಲ್ಲಿಂದಲೇ. ಕಟ್ಟಿದ ಬೀಡಿ ಅಲ್ಲಿಗೇ. ಲೆಕ್ಕ ಪುಸ್ತಕದಲ್ಲಿ, ಮಜೂರಿ ಹೊತ್ತಿಗೆ ಸರಿಯಾಗಿ. 1966ರ ಬೀಡಿ ಕಾರ್ಮಿಕರ ಕಾಯ್ದೆ ಬಂದ ಮೇಲೆ, ಪಟ್ಟಿಯಲ್ಲಿ ಹೆಸರಿದ್ದವರಿಗೆ ಭವಿಷ್ಯನಿಧಿಯಂಥ ಸೌಲಭ್ಯವೂ ಸಿಕ್ಕಿತು. ಅಡುಗೆ, ಮಕ್ಕಳು, ಹಟ್ಟಿಯ ದನ, ಎಲ್ಲದರ ನಡುವೆ ಬಿಡುವಾದಾಗ ಮಾಡುವ ಕೆಲಸ. ತಂಬಾಕಿನ ಮೇಲಿನ ತೆರಿಗೆ, ಎಚ್ಚರಿಕೆಯ ಚಿತ್ರ, ಬದಲಾಗುತ್ತಿರುವ ಅಭ್ಯಾಸ ಇವುಗಳಿಂದ ಈ ದಂಧೆ ಕುಗ್ಗುತ್ತಿದೆ, ಕುಗ್ಗಬೇಕಾದದ್ದೂ ಹೌದು. ಆದರೆ ಬದಲಿ ಉದ್ಯೋಗದ ಹೆಸರಿನಲ್ಲಿ ಹೊಲಿಗೆ, ಅಣಬೆ, ಮೇಣದಬತ್ತಿ ಎಂದು ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚಿದರೆ ಕೆಲಸ ಅರ್ಧವೂ ಆಗುವುದಿಲ್ಲ. ಬಟ್ಟೆ ತಂದುಕೊಡುವವರು ಯಾರು, ಹೊಲಿದದ್ದನ್ನು ಕೊಳ್ಳುವವರು ಯಾರು, ದುಡ್ಡು ಯಾವ ವಾರ ಬರುತ್ತದೆ ಎಂಬ ಮೂರು ಪ್ರಶ್ನೆಗೂ ಬ್ರಾಂಚಿನ ಬಳಿ ಉತ್ತರವಿತ್ತು. ಬೀಡಿಗೆ ಬದಲಿ ತರುವವರು ಮೊದಲು ಆ ಬ್ರಾಂಚಿನ ಏರ್ಪಾಡನ್ನು ಅಭ್ಯಾಸ ಮಾಡಬೇಕು.

ಮನೆಬಾಗಿಲ ಈ ಲೆಕ್ಕವನ್ನು ಜನರ ಹಿತಕ್ಕಾಗಿ ಬಳಸಿದ ದೊಡ್ಡ ನಿದರ್ಶನ ಇದೇ ಕರಾವಳಿಯದು. 1925ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಬಂಡವಾಳ 8,000 ರೂಪಾಯಿ. ಕೈಮಗ್ಗದ ಕಸುಬು ಆಗ ಸಂಕಷ್ಟದಲ್ಲಿತ್ತು. ನೇಕಾರರಿಗೆ ಸಾಲ ಕೊಡಲು ಊರವರ ಸಣ್ಣ ಉಳಿತಾಯವನ್ನೇ ಒಟ್ಟುಮಾಡಬೇಕೆಂಬುದು ಅವರ ಯೋಚನೆ. 1928ರಲ್ಲಿ ಪಿಗ್ಮಿ ಎಂಬ ಉಳಿತಾಯ ಯೋಜನೆ ಬಂತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತ. ಅದನ್ನು ಕಟ್ಟಲು ಯಾರೂ ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ, ಏಜೆಂಟರೇ ಅಂಗಡಿಗೆ, ಮನೆಗೆ ಬಂದು ಬರೆದುಕೊಂಡು ಹೋಗುತ್ತಿದ್ದರು. ತಿಂಗಳ ಸಂಬಳ ಎಂಬುದೇ ಇಲ್ಲದ ಜನಕ್ಕೆ ತಿಂಗಳ ಕಂತು ಹೇಳಿದರೆ ಅವರು ಉಳಿಸಲಾರರು, ಸಂಜೆಯ ವ್ಯಾಪಾರ ಮುಗಿದ ಹೊತ್ತಿಗೆ ಕೇಳಿದರೆ ಉಳಿಸುತ್ತಾರೆ. ಇಷ್ಟೇ ಸರಳವಾದ ತಿಳಿವಳಿಕೆಯ ಮೇಲೆ ನಿಂತ ಆ ಸಂಸ್ಥೆ ಸಿಂಡಿಕೇಟ್ ಬ್ಯಾಂಕಾಗಿ ದೇಶದುದ್ದಕ್ಕೂ ಬೆಳೆಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಹೋಯಿತು, ನಿಜ. ಪಿಗ್ಮಿ ಎಂಬ ಮಾತು ಮಾತ್ರ ಕರಾವಳಿಯ ಸಂತೆ, ಸಹಕಾರಿ ಸಂಘಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ.

ಹೆಚ್ಚು ಕಡಿಮೆ ಎಪ್ಪತ್ತು ವರ್ಷದ ನಂತರ ಇದೇ ಸತ್ಯ ಸೌರಶಕ್ತಿಯ ಕ್ಷೇತ್ರದಲ್ಲಿ ಮತ್ತೆ ಕಂಡುಬಂತು. ಉಡುಪಿ ಜಿಲ್ಲೆಯ ಮೂಲದ ಹರೀಶ್ ಹಂದೆ 1995ರಲ್ಲಿ ಸೆಲ್ಕೋ ಆರಂಭಿಸಿದಾಗ ಸೋಲಾರ್ ಫಲಕ ಹೊಸ ಶೋಧವೇನೂ ಆಗಿರಲಿಲ್ಲ. ಬಡವರಿಗೆ ಅದು ಎಟುಕುವುದಿಲ್ಲ ಎಂಬುದೇ ಎಲ್ಲರ ನಂಬಿಕೆಯಾಗಿತ್ತು. ತಿಂಗಳಿಗೆ ಮುನ್ನೂರು ರೂಪಾಯಿ ಎಂದರೆ ಕಷ್ಟ, ದಿನಕ್ಕೆ ಹತ್ತು ರೂಪಾಯಿಯಾದರೆ ಆದೀತು ಎಂದು ಬೀದಿ ವ್ಯಾಪಾರಿಯೊಬ್ಬರು ತಮಗೆ ಕಲಿಸಿದ ಪಾಠವನ್ನು ಹಂದೆ ಹಲವು ವೇದಿಕೆಗಳಲ್ಲಿ ನೆನೆದಿದ್ದಾರೆ. ಎರಡೂ ಒಂದೇ ಮೊತ್ತ. ದುಡಿಯುವವನ ಕಿಸೆಗೆ ಎರಡೂ ಒಂದೇ ಅಲ್ಲ. ಸೆಲ್ಕೋ ಗ್ರಾಮೀಣ ಬ್ಯಾಂಕುಗಳ ಮನವೊಲಿಸಿ ಸಾಲ ಕೊಡಿಸಿತು, ಕಂತನ್ನು ಗಳಿಕೆಯ ಲಯಕ್ಕೆ ಹೊಂದಿಸಿತು, ದೀಪ ಕೆಟ್ಟರೆ ಬಂದು ಸರಿಮಾಡುವ ಏರ್ಪಾಡು ಮಾಡಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದೇ ಸಾಲಿನಲ್ಲಿ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಹುಟ್ಟಿದ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋವನ್ನೂ ಇಡಬಹುದು. ಅಡಿಕೆಯ ಧಾರಣೆ ಕುಸಿದಾಗ ಬೆಳೆಗಾರನಿಗೆ ಬೇಕಾಗಿದ್ದದ್ದು ನಂಬಿಕೆಯ ಖರೀದಿದಾರ, ಕ್ಯಾಂಪ್ಕೋ ಅದಾಯಿತು. ಮುಂದೆ ಕೊಕ್ಕೋಗೂ ಅದೇ ಗತಿ ಬಂದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು.

ಇವೆಲ್ಲ ಹಳೆಯ ಕಥೆ, ಆ ಕಾಲದ ಮುಖಂಡರೂ ಈಗಿಲ್ಲ, ಆ ಪರಿಸ್ಥಿತಿಯೂ ಇಲ್ಲ ಎನ್ನುವವರಿದ್ದಾರೆ. ಅವರಿಗೆ ಉತ್ತರ ಬಜಪೆಯಿಂದ ಕಟೀಲು ದಾಟಿದರೆ ಸಿಗುವ ಕಿನ್ನಿಗೋಳಿಯಲ್ಲಿದೆ. ಅಲ್ಲಿ ನೇಯುವ ಉಡುಪಿ ಸೀರೆ ಎಂದರೆ ಹಗುರವಾದ ನೂಲಿನ ಸೀರೆ. ಮೈಯ ಬಣ್ಣವೇ ಬೇರೆ, ಅಂಚು ಸೆರಗಿನ ಬಣ್ಣವೇ ಬೇರೆ, ಗಂಜಿ ಹಾಕಿದ ಹೊಸ ಸೀರೆ ಒಗೆದಷ್ಟೂ ಮೆತ್ತಗಾಗುತ್ತದೆ. 2016ರಲ್ಲಿ ಈ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಮಾನ್ಯತೆ ಬಂದರೂ ಮಗ್ಗಗಳ ಮುಂದೆ ಕೂರುವವರು ಹೆಚ್ಚಲಿಲ್ಲ. ಎರಡು ವರ್ಷದ ಬಳಿಕ ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಕೆಲಸಕ್ಕೆ ಇಳಿದಾಗ ಅಲ್ಲಿ ಉಳಿದಿದ್ದವರು ಬೆರಳೆಣಿಕೆಯಷ್ಟು ಮಂದಿ, ಅವರೂ ವಯಸ್ಸಾದವರು. ಕಸುಬು ಗೊತ್ತಿದ್ದವರು ಮಗ್ಗ ಬಿಟ್ಟದ್ದು ಪ್ರೀತಿ ಕಡಿಮೆಯಾಗಿ ಅಲ್ಲ. ದಿನಗಟ್ಟಲೆ ನೇಯ್ದ ಸೀರೆಗೆ ಸಿಗುವ ಮಜೂರಿ ಕೂಲಿಗಿಂತ ಕಡಿಮೆ. ವಿದ್ಯುತ್ ಮಗ್ಗದ ಸೀರೆಯ ಪಕ್ಕದಲ್ಲಿ ಇದನ್ನೂ ಅದೇ ಬೆಲೆಗೆ ಮಾರಬೇಕಾದ ಸ್ಥಿತಿ.

ಕದಿಕೆ ಮಾಡಿದ್ದರಲ್ಲಿ ಬೆರಗು ಹುಟ್ಟಿಸುವ ತಂತ್ರಜ್ಞಾನ ಏನೂ ಇಲ್ಲ. ಕೊಳ್ಳುವವರಿಗೆ ನೇಕಾರರ ಹೆಸರು ತಿಳಿಯುವಂತೆ ಮಾಡಿತು, ಸಹಜ ಬಣ್ಣಗಳನ್ನು ಮತ್ತೆ ತಂದಿತು, ಆ ಬಣ್ಣಕ್ಕೂ ಕೈಕೆಲಸಕ್ಕೂ ತಕ್ಕ ಬೆಲೆ ಕೊಡುವವರನ್ನು ಹುಡುಕಿತು, ಹೆಚ್ಚಿದ ಬೆಲೆ ಮಗ್ಗದವರೆಗೆ ಮುಟ್ಟುವಂತೆ ನೋಡಿಕೊಂಡಿತು. ಬಣ್ಣಗಳಲ್ಲಿ ಒಂದು ಅಡಿಕೆ ಚೊಗರಿನದು. ಎಳೆ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಕೆಂಗಂದು ಬಣ್ಣದ ದಪ್ಪ ರಸವೇ ಚೊಗರು. ನಮ್ಮ ಕರಾವಳಿಯದು ಬಹುಪಾಲು ಬಿಸಿಲಿಗೆ ಒಣಗಿಸಿದ ಚಾಲಿ. ಚೊಗರು ಕೆಂಪಡಿಕೆ ಮಾಡುವ ಮಲೆನಾಡಿನ ಸೊತ್ತು. ಅಲ್ಲಿನ ಬೇಯಿಸುವ ಹಂಡೆಯ ತಳದಲ್ಲಿ ಉಳಿಯುವ ರಸ ಇಲ್ಲಿನ ನೂಲಿಗೆ ಬಣ್ಣವಾದಾಗ ರೈತನಿಗೂ ನೇಕಾರನಿಗೂ ಒಟ್ಟಿಗೆ ಒಂದು ದಾರಿ ತೆರೆಯುತ್ತದೆ. ಇದನ್ನೇ ನಾವೀನ್ಯ ಎಂದು ಕರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈಗ ಕಿನ್ನಿಗೋಳಿಯಲ್ಲಿ ನೇಯುವವರ ಸಂಖ್ಯೆ ಹಲವು ಪಟ್ಟು ಏರಿದೆ, ಕಸುಬಿಗೆ ಹೊಸಬರಾದ ಹೆಂಗಸರೂ ಮಗ್ಗಕ್ಕೆ ಬಂದಿದ್ದಾರೆ. ಸಿಂಡಿಕೇಟ್ ಹುಟ್ಟಿದ್ದು ನೇಕಾರರಿಗಾಗಿ. ನೂರು ವರ್ಷ ಕಳೆಯುವ ಹೊತ್ತಿಗೂ ಕಸುಬಿನ ಗಂಟು ಬಿಗಿದಿರುವುದು ಅದೇ ಜಾಗದಲ್ಲಿ, ನೇಯ್ದ ದಿನಕ್ಕೂ ದುಡ್ಡು ಬರುವ ದಿನಕ್ಕೂ ನಡುವಿನ ಅಂತರದಲ್ಲಿ.

ಇಷ್ಟು ಹೇಳಿದ ಮೇಲೆ ಎದುರಾಗುವ ಗಟ್ಟಿಯಾದ ಆಕ್ಷೇಪ ಒಂದಿದೆ. ಮನೆಬಾಗಿಲಿಗೆ ಬರುವ ದುಡ್ಡು ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆಯೇ? ಇಲ್ಲ. ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಕುಟುಂಬಗಳನ್ನು ಊರು ಬಿಡಿಸಿತು, ವಸೂಲಿಯ ಕಿರುಕುಳಕ್ಕೆ ಜೀವಗಳೂ ಹೋದವು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಪಿಗ್ಮಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಪಿಗ್ಮಿಯಲ್ಲಿ ಗಳಿಕೆ ಮೊದಲು, ಕಟ್ಟುವುದು ಆಮೇಲೆ. ವ್ಯಾಪಾರ ಇಲ್ಲದ ದಿನ ಕಟ್ಟದಿದ್ದರೆ ಮಾನ ಹೋಗುವುದಿಲ್ಲ. ಮೈಕ್ರೋಫೈನಾನ್ಸಿನಲ್ಲಿ ಕಂತು ಮೊದಲು ನಿಗದಿಯಾಗಿರುತ್ತದೆ, ಗಳಿಕೆ ಬಂದರೂ ಬಾರದಿದ್ದರೂ. ಸೆಲ್ಕೋದ ಸಾಲದ ಬೆನ್ನಿಗೆ ದುಡಿಮೆಯ ಹೊತ್ತನ್ನು ಹೆಚ್ಚಿಸುವ ದೀಪವಿತ್ತು. ಬರಿಯ ಸಾಲದ ಬೆನ್ನಿಗೆ ಏನೂ ಇರುವುದಿಲ್ಲ. ಹಾಗಾಗಿ ಹೊಸ ಉದ್ಯಮಿ ತನ್ನನ್ನು ಕೇಳಿಕೊಳ್ಳಬೇಕಾದ್ದು, ಮಾರಾಟ ಕುಸಿದ ತಿಂಗಳಲ್ಲಿ ನಷ್ಟ ಯಾರ ತಲೆಗೆ ಬೀಳುತ್ತದೆ ಎಂದು. ಅದು ನೇಯುವವಳ ತಲೆಗೇ ಬೀಳುವುದಾದರೆ ಆ ಉದ್ಯಮಕ್ಕೆ ಸಾಮಾಜಿಕ ಎಂಬ ಹೆಸರು ಸಲ್ಲದು.

ಸರ್ಕಾರ ಮಾಡಬೇಕಾದ ಕೆಲಸವನ್ನು ಇಂಥ ಉದ್ಯಮಿಗಳೇಕೆ ಮಾಡಬೇಕು ಎಂಬುದು ಇನ್ನೊಂದು ಪ್ರಶ್ನೆ. ಸರ್ಕಾರ ದೊಡ್ಡದಾಗಿ ಮಾಡಬಲ್ಲದು, ಆದರೆ ಹೊಸದನ್ನು ಮೊದಲು ಸಣ್ಣದಾಗಿ ಮಾಡಿ ನೋಡುವವರು ಬೇಕು. 1982ರಲ್ಲಿ ಧರ್ಮಸ್ಥಳದ ಎಸ್‌ಡಿಎಂಇ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ಇದಕ್ಕೆ ಸಾಕ್ಷಿ. ಊಟ ವಸತಿಯೊಡನೆ ಉಚಿತ ತರಬೇತಿ ಮಾತ್ರವಲ್ಲ, ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಂತು ಸಾಲ, ಮಾರುಕಟ್ಟೆ ನೋಡಿಕೊಳ್ಳುವುದು ಅದರ ಕ್ರಮ. ಆ ಮಾದರಿಯನ್ನೇ ಕೇಂದ್ರ ಸರ್ಕಾರ ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು.

ಇಂದು ಬಜಪೆಯ ಸುತ್ತ ಕೆಲಸ ಆರಂಭಿಸುವವರಿಗೆ ಬಾಗಿಲುಗಳು ಕಡಿಮೆಯಿಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗಳಿಗೆ ಸಹಾಯಧನ ಇದೆ. ಕಿರು ಆಹಾರ ಸಂಸ್ಕರಣೆಯ ಯೋಜನೆಯಲ್ಲಿ ಕೇಂದ್ರದ ಶೇ. 35ಕ್ಕೆ ರಾಜ್ಯದ ಶೇ. 15 ಸೇರುತ್ತದೆ. ಇಂಥ ಸಹಾಯಧನದ ಒತ್ತು ಹೆಚ್ಚಾಗಿ ಯಂತ್ರದ ಮೇಲೆ. ಮಾರಾಟದ ಹಣಕ್ಕೆ ಕಾಯುವ ದಿನಗಳ ಖರ್ಚಿಗೆ ಯೋಜನೆಗಳಲ್ಲಿ ಜಾಗ ಕಡಿಮೆ. ಅದಕ್ಕೇ ಆಹಾರ ಸಂಸ್ಕರಣೆ ಮಾಡುವ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿಯ ಬೀಜಧನ ಇರುವುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅದು ದುಡಿಯುವ ಬಂಡವಾಳಕ್ಕೂ ಸಣ್ಣ ಸಲಕರಣೆಗೂ ಬರುವ ಹಣ. ಲಾಭದ ಗುರಿಯಿಲ್ಲದ ಸಂಸ್ಥೆಗಳಿಗೆ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ತೆರೆದಿದೆ. 2023ರ ಡಿಸೆಂಬರಿನಲ್ಲಿ ಅಲ್ಲಿ ಮೊದಲು ಹಣ ಸಂಗ್ರಹದ ಪತ್ರ ತಂದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್, ಯುವಜನರ ಉದ್ಯೋಗ ತರಬೇತಿಗಾಗಿ. ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಮಾಜಕ್ಕೆ ವ್ಯಯಿಸಬೇಕೆಂಬ ಕಾನೂನೂ ಇದೆ. ಬಜಪೆಯ ನೆರೆಯಲ್ಲೇ ತೈಲ ಸಂಸ್ಕರಣಾಗಾರ, ವಿಶೇಷ ಆರ್ಥಿಕ ವಲಯಗಳಿವೆ. ಅವಕ್ಕಾಗಿ ಭೂಮಿ ಬಿಟ್ಟುಕೊಟ್ಟವರ ಮನೆಗಳ ಹೆಂಗಸರು ಹೊಸ ಕೆಲಸ ಕಲಿಯುವ ತಿಂಗಳುಗಳಲ್ಲಿ ಕೈಗೆ ದುಡ್ಡು ಸಿಗುವಂತೆ ಮಾಡುವುದು ಆ ಹಣಕ್ಕೆ ತಕ್ಕ ಬಳಕೆ.

ಯಾವ ಮಾರುಕಟ್ಟೆ ಎಂಬುದನ್ನು ಎಚ್ಚರದಿಂದ ಆರಿಸಬೇಕು. ಅಡಿಕೆ ಹಾಳೆಯ ತಟ್ಟೆಯನ್ನೇ ನೋಡಿ. 2016ರಲ್ಲಿ ರಾಜ್ಯವೂ 2022ರ ಜುಲೈಯಲ್ಲಿ ಕೇಂದ್ರವೂ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿದ್ದರಿಂದ ಈ ಉದ್ಯಮಕ್ಕೆ ಬಲ ಬಂತು, ರಫ್ತೂ ಬೆಳೆಯಿತು. 2025ರ ಮೇಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯ ಆಲ್ಕಲಾಯ್ಡ್ ಆಹಾರಕ್ಕೆ ಸೇರಬಹುದೆಂಬ ಕಾರಣ ಕೊಟ್ಟು ಈ ತಟ್ಟೆಗಳಿಗೆ ತನ್ನ ದೇಶದ ಬಾಗಿಲು ಮುಚ್ಚಿತು. ದೂರದ ಒಂದೇ ಖರೀದಿದಾರನನ್ನು ನಂಬಿದ ಘಟಕಕ್ಕೆ ಇಂಥ ಆದೇಶವನ್ನು ತಾಳಿಕೊಳ್ಳುವುದು ಕಷ್ಟ. ತಟ್ಟೆಯಿಂದ ಅದು ಆಹಾರಕ್ಕೆ ನಿಜಕ್ಕೂ ಸೇರುತ್ತದೆಯೇ ಎಂಬ ಪ್ರಶ್ನೆಗೆ ವಿಜ್ಞಾನದ ಉತ್ತರ ಬೇಕು. ಸುರತ್ಕಲ್ಲಿನ ಎನ್‌ಐಟಿಕೆಯಂಥ ಪ್ರಯೋಗಾಲಯಗಳು ಕೈಯಳತೆಯಲ್ಲಿರುವಾಗ ಅದನ್ನು ಪರೀಕ್ಷಿಸಿ ನೋಡುವುದೇ ಯುವ ಸಂಶೋಧಕರಿಗೆ ಒಂದು ಒಳ್ಳೆಯ ಕೆಲಸ. ಪರೀಕ್ಷೆಯಲ್ಲಿ ತಟ್ಟೆ ಗೆದ್ದರೆ ಹತ್ತಿರದ ಬೇಡಿಕೆಯೇನೂ ಸಣ್ಣದಲ್ಲ. ಕಟೀಲು ಯಕ್ಷಗಾನ ಮೇಳಗಳ ಹರಕೆಯಾಟ, ಕೋಲ, ನೇಮ, ಮದುವೆಗಳ ಊಟ ದೀಪಾವಳಿ ಕಳೆದ ಮೇಲೆ ಶುರುವಾಗಿ ಮಳೆಗಾಲದ ತನಕ ನಡೆಯುತ್ತದೆ. ತೋಟದಲ್ಲಿ ಹಾಳೆ ಒಣಗಿ ಸಿಗುವುದೂ ಬೇಸಗೆಯ ಆ ತಿಂಗಳುಗಳಲ್ಲೇ, ಮಳೆ ಬಿದ್ದರೆ ಬೂಸಲು. ಹಾಗಾಗಿ ಮಾರ್ಚಿನಿಂದ ಮೇವರೆಗೆ ಹಾಳೆ ಕೊಂಡು ಒಣಗಿಸಿ ದಾಸ್ತಾನಿಟ್ಟರೆ ಮುಂದಿನ ನವೆಂಬರಿನ ಬೇಡಿಕೆಗೆ ಮಾಲು ಸಿದ್ಧ. ಹಾಳೆ ತಂದುಕೊಟ್ಟವರಿಗೆ ಅಂದೇ ದುಡ್ಡು, ತಟ್ಟೆ ಒತ್ತಿದವರಿಗೆ ಶನಿವಾರ ಮಜೂರಿ, ಮಾರಾಟದ ಹಣ ಬರುವುದು ಆರು ತಿಂಗಳ ಮೇಲೆ. ಆ ಆರು ತಿಂಗಳಿಗೆ ಎಷ್ಟು ರೂಪಾಯಿ ಬೇಕು, ಅದನ್ನು ಊರಿನ ಸಹಕಾರಿ ಸಂಘ ಕೊಟ್ಟೀತೇ, ಊರಿಗೆ ದುಡ್ಡು ಕಳಿಸುವ ಕೊಲ್ಲಿಯ ಮನೆಗಳು ಪಾಲು ಹಾಕಿಯಾವೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದವರ ಮಾತನ್ನು ಬ್ಯಾಂಕಿನ ಮ್ಯಾನೇಜರ್ ಕುಳಿತು ಕೇಳುತ್ತಾರೆ.