ಬಿಸಿಲು ಮಾರುವ ರೈತರು!

ಪಂಪು ನಿಂತರೂ ಇಲ್ಲಿನ ರೈತರಿಗೆ ಕಾಸು ಬರುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ ಆರು ಜನ ರೈತರು ಕೂಡಿ 2016ರಲ್ಲಿ ಒಂದು ಸಂಘ ನೋಂದಾಯಿಸಿದರು. ಜಗತ್ತಿನ ಮೊದಲ ಸೌರ ನೀರಾವರಿ ಸಹಕಾರ ಸಂಘ ಎಂದು ಅದು ಹೆಸರಾಗಿದೆ.

ಹೊಲದಂಚಿನ ಸೌರಫಲಕಗಳಿಂದ ಪಂಪು ಓಡುತ್ತದೆ. ಬೆಳೆಗೆ ಸಾಕಾದಷ್ಟು ನೀರು ಹಾಯಿಸಿದ ಮೇಲೆ ಮಿಕ್ಕ ವಿದ್ಯುತ್ತು ಗ್ರಿಡ್‌ಗೆ ಹೋಗುತ್ತದೆ. ಎಲ್ಲರ ವಿದ್ಯುತ್ತೂ ಸೇರುವುದು ಒಂದೇ ಜಾಗದಲ್ಲಿ, ಡೇರಿಯ ಕ್ಯಾನಿಗೆ ಮನೆಮನೆಯ ಹಾಲು ಸುರಿದ ಹಾಗೆ. ಹೋಲಿಕೆ ಸುಮ್ಮನೆ ಹೇಳಿದ್ದಲ್ಲ. ಅಮುಲ್ ಅನ್ನು ಕಟ್ಟಿದ ಹಾಲು ಉತ್ಪಾದಕರ ಒಕ್ಕೂಟ 1946ರಲ್ಲಿ ಹುಟ್ಟಿದ್ದೂ ಅಂದಿನ ಖೇಡಾ ಜಿಲ್ಲೆಯಲ್ಲೇ!

ಯೂನಿಟ್‌ಗೆ 4 ರೂಪಾಯಿ 63 ಪೈಸೆಯಂತೆ 25 ವರ್ಷ ಖರೀದಿಸಲು ವಿದ್ಯುತ್ ಕಂಪನಿ ಒಪ್ಪಂದ ಮಾಡಿಕೊಂಡಿತು. ಬದಲಿಗೆ ಅಷ್ಟೂ ಕಾಲ ಸಬ್ಸಿಡಿಯ ಕರೆಂಟ್ ಸಂಪರ್ಕ ಕೇಳುವುದಿಲ್ಲ ಎಂದು ರೈತರು ಮಾತು ಕೊಟ್ಟರು.

ಇದರಲ್ಲಿ ಬಾವಿಯ ಹಿತವೂ ಇದೆ. ಸೌರ ಪಂಪಿಗೆ ಡೀಸೆಲ್ ಖರ್ಚಿಲ್ಲ, ಬಿಲ್ಲೂ ಬರುವುದಿಲ್ಲ. ಹಾಗಾಗಿ ಬೇಕಿರಲಿ ಬೇಡವಿರಲಿ, ಅಂತರ್ಜಲ ಎತ್ತುತ್ತಲೇ ಇರುವ ಅಪಾಯ ದೊಡ್ಡದು. ಢುಂಡಿಯಲ್ಲಿ ಹಾಗಲ್ಲ. ನೆತ್ತಿಯ ಮೇಲೆ ಸೂರ್ಯ ಇರುವ ಹೊತ್ತಿನಲ್ಲಿ ಪಂಪಿನ ಸ್ವಿಚ್ ಆರಿಸಿದರೆ ಮೀಟರ್ ರೈತನ ಲೆಕ್ಕಕ್ಕೆ ತಿರುಗುತ್ತದೆ. ವ್ಯರ್ಥ ಹರಿದ ನೀರು ಅವನಿಗೆ ನೇರ ನಷ್ಟ.

ನಮ್ಮಲ್ಲೂ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ‘ಸೂರ್ಯ ರೈತ’ ಯೋಜನೆ, ಮಿಕ್ಕ ಸೌರ ವಿದ್ಯುತ್ತನ್ನು ರೈತರು ಮಾರಲಿ ಎಂಬ ಇದೇ ಆಸೆಯಿಂದ ಬಂದಿತ್ತು.