ಪ್ರಾಜೆಕ್ಟ್ ಎಂದರೇನು? ಇನ್ನೂ ಮೂರು ತಿಂಗಳು ಯಾಕೆ ಬೇಕು?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನು ನಾನು ನಿವೃತ್ತನಾದ ಮೇಲೆ ಟ್ರಸ್ಟ್ ನನಗೆ ವಹಿಸಿದೆ. ಮೊದಲು ಪಿಯುಸಿ, ಡಿಪ್ಲೊಮಾ, ಬಿ.ಎಡ್. ಅರ್ಜಿಗಳೇ ಹೆಚ್ಚು. ಈಗ ಎಂ.ಎಸ್ಸಿ. ಬಯೋಟೆಕ್ನಾಲಜಿ ಓದುವವರೂ ಅರ್ಜಿ ಹಾಕುತ್ತಾರೆ. ಅವರ ಅರ್ಜಿಯಲ್ಲಿ ‘ಪ್ರಾಜೆಕ್ಟ್ ಖರ್ಚು’ ಎಂಬ ಒಂದು ಸಾಲು ಇರುತ್ತದೆ. ದಾನಿಗಳು ಹೆಚ್ಚು ಪ್ರಶ್ನೆ ಕೇಳುವುದು ಆ ಸಾಲಿನ ಬಗ್ಗೆಯೇ.

ಒಮ್ಮೆ ನಾನೂ ಕೇಳಿದ್ದೆ. ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ತಂದೆಯೊಬ್ಬರು ಮಗಳ ಜೊತೆ ಬಂದಿದ್ದರು. ಹಾಸ್ಟೆಲ್ ಖರ್ಚಿಗೆ ಇನ್ನೂ ಮೂರು ತಿಂಗಳ ನೆರವು ಬೇಕಾಗಿತ್ತು. "ಪ್ರಾಜೆಕ್ಟ್ ಫೇಲಾಯ್ತೇನಮ್ಮ?" ಎಂದೆ. ಆಕೆ ತನ್ನ ನೋಟ್‌ಬುಕ್ ತೆರೆದು ತೋರಿಸಿದಳು. ನಾಲ್ಕು ಕಡೆ ದಿನಾಂಕದ ಕೆಳಗೆ ಒಂದೇ ಮಾತು: ಕಂಟ್ರೋಲ್ ತಟ್ಟೆಯಲ್ಲಿ ಬೂಷ್ಟು, ಎಲ್ಲ ತಟ್ಟೆಗಳನ್ನೂ ಬಿಸಾಡಲಾಗಿದೆ. "ದುಡ್ಡು ಕೊಟ್ರೆ ರೆಡಿ ರಿಪೋರ್ಟ್ ಸಿಗುತ್ತೆ ಸರ್, ನನಗೆ ಅದು ಬೇಡ" ಎಂದಳು. ತಂದೆ ಮಾತ್ರ, "ಮಾಸ್ತರೇ, ಇನ್ನೂ ಮೂರು ತಿಂಗಳು ಅಂದ್ರೆ ಮನೇಲಿ ಏನಂತ ಹೇಳ್ಲಿ?" ಎಂದರು. ಆ ಪ್ರಶ್ನೆಗೆ ಅಂದು ನಾನು ಸರಿಯಾಗಿ ಉತ್ತರಿಸಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ನಾವು ಶಾಲೆಯಲ್ಲಿ ಮಾಡಿಸುವ ಪ್ರಯೋಗಕ್ಕೆ ಉತ್ತರ ಮೊದಲೇ ಗೊತ್ತು. ಆಮ್ಲದಲ್ಲಿ ನೀಲಿ ಲಿಟ್ಮಸ್ ಕೆಂಪಾಗಲೇಬೇಕು. ಎಂ.ಎಸ್ಸಿ. ಪ್ರಾಜೆಕ್ಟ್ ಹಾಗಲ್ಲ. ಸಾಮಾನ್ಯವಾಗಿ ಕೊನೆಯ ಸೆಮಿಸ್ಟರಿನಲ್ಲಿ, ಒಬ್ಬ ಮಾರ್ಗದರ್ಶಕರ ಕೈಕೆಳಗೆ, ಇನ್ನೂ ಉತ್ತರ ಸಿಗದ ಒಂದು ಸಣ್ಣ ಪ್ರಶ್ನೆಯನ್ನು ಹಿಡಿದು ಮಾಡುವ ಕೆಲಸ ಅದು. ಆ ವಿಷಯದಲ್ಲಿ ಹಿಂದಿನವರು ಬರೆದದ್ದನ್ನು ಓದಬೇಕು, ಪ್ರಯೋಗ ಮಾಡಬೇಕು, ಲೆಕ್ಕ ಹಾಕಬೇಕು, ವರದಿ ಬರೆಯಬೇಕು. ಕೊನೆಗೆ ಪರೀಕ್ಷಕರ ಎದುರು ಕೂತು ಉತ್ತರ ಹೇಳಬೇಕು.

ಈ ಹುಡುಗಿಯ ಪ್ರಶ್ನೆ ನಮ್ಮ ಭಾಗದ ಶೇಂಗಾದ ಬಗ್ಗೆ. ಸರಿಯಾಗಿ ಒಣಗದ ಶೇಂಗಾದಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟು ಬೆಳೆಯುತ್ತದೆ. ಅದರ ಕೆಲವು ತಳಿಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವುಗಳಿಗೆ ತಿನ್ನಿಸಿದ ಶೇಂಗಾ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ಮನುಷ್ಯರಲ್ಲಿ ಇದು ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ನೇರವಾಗಿ ತಿನ್ನುವ ಶೇಂಗಾದಲ್ಲಿ ಕಿಲೋಗೆ 4 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇದ್ದರೆ ಯೂರೋಪ್ ಒಕ್ಕೂಟ ಒಪ್ಪುವುದಿಲ್ಲ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ಸಣ್ಣದನ್ನು ಅಳೆಯುವಾಗ ಕೈ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ.

ಕಂಟ್ರೋಲ್ ಎಂದರೇನು? ತಾಯಂದಿರಿಗೆ ಇದನ್ನು ಹೇಳುವುದು ಸುಲಭ. ಎರಡು ಬಟ್ಟಲಿನಲ್ಲಿ ಒಂದೇ ಹಾಲು ಇಟ್ಟು, ಒಂದಕ್ಕೆ ಮಾತ್ರ ಹೆಪ್ಪು ಹಾಕಿ. ಬೆಳಿಗ್ಗೆ ಎರಡೂ ಒಡೆದಿದ್ದರೆ ಅದು ಹೆಪ್ಪಿನ ಗುಣ ಎನ್ನಲಾದೀತೇ? ಹಾಲೇ ಕೆಟ್ಟಿತ್ತೋ, ಬಟ್ಟಲು ತೊಳೆದಿರಲಿಲ್ಲವೋ ಎಂದು ನೋಡಬೇಕಾಗುತ್ತದೆ. ಹಾಗೆಯೇ ಶೇಂಗಾ ಕಾಳು ಇಟ್ಟ ತಟ್ಟೆಗಳ ಪಕ್ಕದಲ್ಲಿ ಕಾಳು ಇಲ್ಲದ ಒಂದು ತಟ್ಟೆಯನ್ನೂ ಇಡುತ್ತಾರೆ. ಅದರಲ್ಲೂ ಬೂಷ್ಟು ಬಂದರೆ, ಅದು ಕಾಳಿನದೋ ಗಾಳಿಯದೋ ತಿಳಿಯದು. ಎಲ್ಲವನ್ನೂ ಬಿಸಾಡಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಪ್ರತಿ ಸಲವೂ ಬೂಷ್ಟು ಬೆಳೆಯಲು ಐದರಿಂದ ಏಳು ದಿನ ಬೇಕು. ಒಂದೇ ಪರೀಕ್ಷೆಯನ್ನು ಕನಿಷ್ಠ ಮೂರು ಸಲ ಮಾಡಿ ತಾಳೆ ನೋಡಬೇಕು. ತಿಂಗಳುಗಳು ಹೋಗುವುದು ಹೀಗೆ. ಬಿಸಾಡಿದ್ದನ್ನು ಬರೆದಿಟ್ಟ ಮಗು ಫೇಲಾಗಿಲ್ಲ. ಬಿಸಾಡಬೇಕಾದದ್ದನ್ನು ಬಚ್ಚಿಟ್ಟಿದ್ದರೆ ಆಗ ಫೇಲು.

ಹೆಣ್ಣುಮಗಳು ಕತ್ತಲಾಗುವ ತನಕ ಲ್ಯಾಬಿನಲ್ಲಿ ಇರಬೇಕೇ ಎಂಬ ಚಿಂತೆಯೂ ಮನೆಯಲ್ಲಿರುತ್ತದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕಮಲಾ ಭಾಗವತ್ ಎಂಬ ಯುವತಿ ಬಂದಾಗ, ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಸೀಟು ಕೊಡಲು ಒಪ್ಪಲಿಲ್ಲ. ಆಕೆ ಪಟ್ಟು ಬಿಡದಿದ್ದಾಗ, ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಮಾರ್ಗದರ್ಶಕರಾದ ಎಂ. ಶ್ರೀನಿವಾಸಯ್ಯ ಬಹಳ ಶಿಸ್ತಿನವರು. ಅವರ ಕೈಕೆಳಗೆ ಆಕೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಸಂಶೋಧನೆ ಮಾಡಿದರು. ಆಕೆಯ ಕೆಲಸ ನೋಡಿ ರಾಮನ್ ಮುಂದೆ ಹೆಣ್ಣುಮಕ್ಕಳಿಗೂ ಪ್ರವೇಶ ಕೊಟ್ಟರು. 1939ರಲ್ಲಿ ಆಕೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದರು. ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ಮನೆಯವರು ಮಾರ್ಗದರ್ಶಕರನ್ನು ಒಮ್ಮೆ ಭೇಟಿಯಾಗಿ, ಸಮಯ ಮತ್ತು ಹಾಸ್ಟೆಲ್ ವಿಚಾರ ಕೇಳಿ ತಿಳಿದುಕೊಳ್ಳಲಿ. ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ಅರ್ಧಕ್ಕೆ ಬಿಡಿಸಬೇಡಿ.

ಇನ್ನು ರೆಡಿ ರಿಪೋರ್ಟಿನ ಮಾತು. ಅದನ್ನು ಕೊಂಡವರಿಗೆ ಪದವಿ ಸಿಕ್ಕರೂ ಸಿಗಬಹುದು, ಕೆಲಸ ಬಾರದು. ಮುಂದೆ ಔಷಧ ಕಂಪನಿಯಲ್ಲೋ ರೋಗ ಪತ್ತೆ ಲ್ಯಾಬಿನಲ್ಲೋ ಅವರು ಕೊಡುವ ಅಂಕಿಯನ್ನು ನಂಬಿ ಯಾರೋ ಔಷಧಿ ತಿನ್ನುತ್ತಾರೆ. ದಾನಿಗಳ ಹಣ ಒಂದು ಅಮಾನತ್ತು. ಸುಳ್ಳು ವರದಿ ಕೊಳ್ಳಲು ಅದರಲ್ಲಿ ಒಂದು ರೂಪಾಯಿಯೂ ಹೋಗಬಾರದು.

ಆದ್ದರಿಂದ ಪ್ರಾಜೆಕ್ಟ್ ನೆರವು ಕೇಳುವವರು ಅರ್ಜಿಯ ಜೊತೆ ಇವುಗಳನ್ನು ಲಗತ್ತಿಸಬೇಕಾಗಿ ವಿನಂತಿ: ಪ್ರಾಜೆಕ್ಟಿನ ವಿಷಯ ಮತ್ತು ಅವಧಿ ತಿಳಿಸುವ ಮಾರ್ಗದರ್ಶಕರ ಪತ್ರ, ರಾಸಾಯನಿಕ, ಹಾಸ್ಟೆಲ್ ಮತ್ತು ಬಸ್ ಖರ್ಚನ್ನು ಬೇರೆ ಬೇರೆಯಾಗಿ ತೋರಿಸುವ ಪಟ್ಟಿ. ಅವಧಿ ಹೆಚ್ಚು ಬೇಕಾದರೆ ಕಾರಣವನ್ನು ಇದ್ದ ಹಾಗೆ ಬರೆಯಿರಿ. ರಕ್ತ ಮುಂತಾದ ಮನುಷ್ಯರ ಮಾದರಿ ಬಳಸುವುದಾದರೆ ನೈತಿಕ ಸಮಿತಿಯ ಅನುಮತಿಯ ಪ್ರತಿಯೂ ಬೇಕು.

ಆ ಹುಡುಗಿಗೆ ಮೂರು ತಿಂಗಳ ನೆರವು ಸಿಕ್ಕಿತು. ಐದನೇ ಸಲ ಕಂಟ್ರೋಲ್ ತಟ್ಟೆ ಸ್ವಚ್ಛವಾಗಿ ಉಳಿಯಿತು. ಆಕೆಯ ವರದಿಯಲ್ಲಿ ದೊಡ್ಡ ಶೋಧವೇನೂ ಇಲ್ಲ, ಆದರೆ ಅದರಲ್ಲಿರುವ ಪ್ರತಿ ಅಂಕಿಯೂ ಆಕೆಯದೇ. ಈಚೆಗೆ ಅವರ ತಂದೆ ಸಿಕ್ಕಾಗ, ಕಾಯಿಯ ತೇವಾಂಶ ನೂರಕ್ಕೆ ಎಂಟಕ್ಕಿಂತ ಕೆಳಗೆ ಇಳಿಯುವ ತನಕ ಚೀಲ ತುಂಬಬಾರದೆಂದು ನನಗೇ ಪಾಠ ಹೇಳಿದರು. ಯಾರು ಹೇಳಿಕೊಟ್ಟರೆಂದು ನಾನು ಕೇಳಲಿಲ್ಲ.