ನಾಲ್ಕು ನಟ್ಟಿನ ಪಾಠ

ಮಕ್ಕಳೇ, ನಿಮ್ಮ ಮನೆಯಲ್ಲಿ ಕಾರು ಇದ್ದರೆ, ಇಲ್ಲವೇ ಓಣಿಯಲ್ಲಿ ಯಾರದಾದರೂ ನಿಂತಿದ್ದರೆ, ಒಮ್ಮೆ ಅದರ ಗಾಲಿಯ ಮುಂದೆ ಕುಳಿತು ನೋಡಿ. ನಡುವೆ ಎಷ್ಟು ನಟ್ಟುಗಳಿವೆ? ಟಾಟಾ ನ್ಯಾನೋಗೆ ಮೂರೇ ಮೂರು. ಮಾರುತಿ 800ಕ್ಕೆ ನಾಲ್ಕು. ಬೊಲೆರೊಗೆ ಐದು. ಇಡೀ ಕಾರು, ಅದರೊಳಗೆ ಕುಳಿತವರು, ಡಿಕ್ಕಿಯಲ್ಲಿಟ್ಟ ಜೋಳದ ಚೀಲ, ಎಲ್ಲವೂ ಈ ನಾಲ್ಕಾರು ನಟ್ಟುಗಳನ್ನು ನಂಬಿಕೊಂಡು ಓಡುತ್ತವೆ. ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗ ಮತ್ತು ನಾನು ಈ ನಟ್ಟುಗಳಿಂದ ಒಂದು ಪಾಠ ಕಲಿತೆವು. ಅದರ ಫೀಸು ಸ್ವಲ್ಪದರಲ್ಲೇ ಬಹಳ ದುಬಾರಿಯಾಗುತ್ತಿತ್ತು.

ನಾನು ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಮನೆ ಬೀದರ್‌ನಲ್ಲಿ. ಬಾಗಿಲ ಮುಂದೆ ನಿಂತಿರುವುದು ಬಿಳಿ ಬಣ್ಣದ ಮಾರುತಿ 800. 1983ರ ಡಿಸೆಂಬರ್‌ನಲ್ಲಿ ಮೊದಲು ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು ಅದು. ನಮ್ಮದು 2004ರದ್ದು. ಮಗಳ ಮದುವೆಯ ಮಾತುಕತೆಗೆ ಭಾಲ್ಕಿಗೆ ಹೋದದ್ದು ಇದರಲ್ಲೇ. ಮೊಮ್ಮಗನನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಇದರಲ್ಲೇ. "ಈ ಡಬ್ಬಿ ಇನ್ನಾ ಯಾಕ ಇಟ್ಕೊಂಡೀರಿ, ಮಾರಿಬಿಡ್ರಿ" ಎಂದವರಿಗೆ ನನ್ನ ಹೆಂಡತಿ, "ಮೊದ್ಲು ಇವರನ್ನ ಮಾರ್ತೀನಿ, ಆಮ್ಯಾಲ ಕಾರು" ಎನ್ನುತ್ತಾಳೆ.

ಆ ಬೇಸಿಗೆಗೆ ಕಾರಿನ ಟೈರುಗಳು ಸವೆದು ನುಣ್ಣಗಾಗಿದ್ದವು. ಅಂಗಡಿಗೆ ಹೋದೆ. "ಗುರೂಜಿ, ಹನ್ನೆರಡು ಇಂಚಿನ ಟೈರು ಈಗ ಯಾರೂ ಕೇಳಂಗಿಲ್ಲ. ಆರ್ಡರ್ ಹಾಕ್ಬೇಕು, ವಾರ ಹತ್ತು ದಿನ ಆಗ್ತದ" ಎಂದರು. ಅಷ್ಟರಲ್ಲಿ ಭಾಲ್ಕಿಯಿಂದ ಮಗಳ ಫೋನು. ಅವರ ಪರಿಚಯದವರೊಬ್ಬರ ಹತ್ತಿರ ಬೇರೆ ಕಂಪನಿಯ ಸಣ್ಣ ಕಾರಿನ ನಾಲ್ಕು ಅಲಾಯ್ ಗಾಲಿಗಳಿವೆ, ಟೈರು ಸಮೇತ ಅಗ್ಗಕ್ಕೆ ಕೊಡುತ್ತಾರೆ ಎಂದಳು. ರಜೆಗೆಂದು ನಮ್ಮಲ್ಲಿಗೆ ಬಂದಿದ್ದ ಎಂಟನೇ ಕ್ಲಾಸಿನ ಮೊಮ್ಮಗ ಕುಣಿದಾಡಿಬಿಟ್ಟ. "ಮುತ್ಯಾ, ಅಲಾಯ್ ಹಾಕಿದ್ರ ನಮ್ಮ ಗಾಡಿ ಹೊಸಾದು ಕಂಡಂಗ ಕಾಣ್ತದ!"

ಬೀದರ್‌ನಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರ್. ಸವೆದ ಟೈರಿನಲ್ಲೇ ನಿಧಾನವಾಗಿ ಹೋದೆವು. ಗಾಲಿಗಳು ನಿಜಕ್ಕೂ ಚೆನ್ನಾಗಿದ್ದವು, ಹೊಳೆಯುತ್ತಿದ್ದವು. ನಾಲ್ಕು ತೂತು ಇದ್ದವು. ನಮ್ಮ ಕಾರಿಗೂ ನಾಲ್ಕು. ನಾನು ಜೇಬಿಗೆ ಕೈ ಹಾಕಿದ್ದೆ. ಆಗ ಮೊಮ್ಮಗ, "ತಡೀ ಮುತ್ಯಾ" ಎಂದು ತನ್ನ ಕಂಪಾಸ್ ಪೆಟ್ಟಿಗೆಯ ಸ್ಕೇಲು ತೆಗೆದ. ನಮ್ಮ ಗಾಲಿಯಲ್ಲಿ ಎದುರುಬದಿರಿರುವ ಎರಡು ನಟ್ಟುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದ. ಹನ್ನೊಂದೂವರೆ ಸೆಂಟಿಮೀಟರಿಗೆ ಕೊಂಚ ಕಡಿಮೆ. ಹೊಳೆಯುವ ಗಾಲಿಯ ತೂತುಗಳನ್ನು ಅಳೆದ. ಸರಿಯಾಗಿ ಹತ್ತು.

ನಟ್ಟುಗಳ ನಡುಬಿಂದುಗಳನ್ನು ಸೇರಿಸಿ ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಈ ಅಳತೆ. ಮಿಸ್ತ್ರಿಗಳು ಅದಕ್ಕೆ ಪಿಸಿಡಿ ಎನ್ನುತ್ತಾರೆ. ನಮ್ಮ 800ರದ್ದು 114.3 ಮಿಲಿಮೀಟರ್, ಅಂದರೆ ನಾಲ್ಕೂವರೆ ಇಂಚು. ಆ ಗಾಲಿಯದು 100 ಮಿಲಿಮೀಟರ್. ವ್ಯತ್ಯಾಸ ಒಂದೂವರೆ ಸೆಂಟಿಮೀಟರೂ ಇಲ್ಲ. ಎರಡೂ ಕಡೆಗೆ ಹಂಚಿದರೆ ಒಂದೊಂದು ತೂತಿಗೆ ಏಳು ಮಿಲಿಮೀಟರ್.

"ಅಷ್ಟೇನಾ? ತೂತು ಸ್ವಲ್ಪ ಉದ್ದ ಕೊರೆಸಿದ್ರ ಕೂಡ್ತದ್ರಿ, ಎಷ್ಟೋ ಮಂದಿ ಮಾಡ್ಯಾರ" ಎಂದರು ಗಾಲಿಯ ಮಾಲೀಕರು. ಅಗ್ಗದ ಬೆಲೆ, ಚೆಂದದ ಗಾಲಿ. ನನ್ನ ಮನಸ್ಸೂ ಹೌದು ಎನ್ನುತ್ತಿತ್ತು. ಹುಡುಗ ಮಾತ್ರ ನನ್ನ ಅಂಗಿ ಜಗ್ಗಿ ಕೇಳಿದ: "ಮುತ್ಯಾ, ತೂತು ಉದ್ದ ಮಾಡಿದ್ರ ನಟ್ಟು ಏನನ್ನ ಹಿಡೀತದ?"

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳುತ್ತಾ ಬಂದವನಿಗೆ ಉತ್ತರ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಗಾಲಿಯ ನಟ್ಟಿನ ತುದಿ ಲಟ್ಟಿಸಿದ ಹಾಗೆ ಚಪ್ಪಟೆಯಾಗಿರುವುದಿಲ್ಲ, ಬುಗುರಿಯಂತೆ ಇಳಿಜಾರಾಗಿರುತ್ತದೆ. ಗಾಲಿಯ ತೂತಿನ ಬಾಯಿಯೂ ಅದೇ ಇಳಿಜಾರಿನದು. ಎರಡೂ ಒಂದರೊಳಗೊಂದು ಕೂತು ಬಿಗಿಯಾದಾಗ ಗಾಲಿ ಸರಿಯಾಗಿ ನಡುವೆ ನಿಲ್ಲುತ್ತದೆ. ತೂತನ್ನು ಉದ್ದ ಮಾಡಿದರೆ ಆ ಬಾಯಿ ಹಾಳಾಗುತ್ತದೆ, ಸುತ್ತಲಿನ ಲೋಹ ತೆಳ್ಳಗಾಗುತ್ತದೆ. ನಮ್ಮ ಬೀದರ್‌ನ ಬಿದರಿ ಕೆಲಸಗಾರರನ್ನು ನೋಡಿ. ಬೆಳ್ಳಿಯ ತಂತಿ ಎಷ್ಟು ದಪ್ಪವೋ ಗೀರೂ ಅಷ್ಟೇ ಅಗಲ ಕೊರೆಯುತ್ತಾರೆ. ಗೀರು ಅಗಲವಾದರೆ ಬೆಳ್ಳಿ ಉದುರುತ್ತದೆ. ಅಲ್ಲಿ ಉದುರುವುದು ತಂತಿ. ಇಲ್ಲಿ ಗಾಲಿ.

ಕೈ ಜೇಬಿನಿಂದ ಖಾಲಿ ಹೊರಗೆ ಬಂತು. ಚಹಾ ಕುಡಿದು ಬೀದರ್‌ಗೆ ವಾಪಸಾದೆವು.

ಆದರೆ ಹುಡುಗನ ಹುರುಪು ಇಳಿದಿರಲಿಲ್ಲ. ಎರಡು ದಿನದ ಮೇಲೆ ಬೀದರ್‌ನ ಒಂದು ಗುಜರಿ ಅಂಗಡಿಯಲ್ಲಿ ನಮ್ಮದೇ ಕಂಪನಿಯ ಝೆನ್ ಕಾರಿನ ನಾಲ್ಕು ಕಬ್ಬಿಣದ ಗಾಲಿಗಳು ಸಿಕ್ಕವು. ಟೈರುಗಳೂ ಚೆನ್ನಾಗಿದ್ದವು. ಅಳೆದೆವು. ಅದೇ ನಾಲ್ಕು ತೂತು, ಅದೇ ನಾಲ್ಕೂವರೆ ಇಂಚು. ನಡುವಿನ ದೊಡ್ಡ ತೂತು ನಮ್ಮ ಹಬ್ಬಿಗೆ ಸರಿಯಾಗಿ ಕೂಡುತ್ತಿತ್ತು. ವ್ಯತ್ಯಾಸ ಒಂದೇ: ಅವು ಹದಿಮೂರು ಇಂಚಿನವು.

ಒಂದು ಇಂಚಿನಿಂದ ಏನಾಗುತ್ತದೆ? ಇದು ನೀವೂ ಮಾಡಬಹುದಾದ ಲೆಕ್ಕ. ನಮ್ಮ ಹಳೆ ಟೈರಿನ ಮೇಲೆ 145/70 ಆರ್ 12 ಎಂದಿತ್ತು. 145 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 70. ಆರ್ ಎನ್ನುವುದು ರೇಡಿಯಲ್ ಟೈರಿನ ಗುರುತು. 12 ಎಂದರೆ ಒಳಗಿನ ಕಬ್ಬಿಣದ ಗಾಲಿಯ ವ್ಯಾಸ, ಇಂಚಿನಲ್ಲಿ. ಹಾಗಾಗಿ ಗೋಡೆ 101.5 ಮಿಲಿಮೀಟರ್. ಮೇಲೊಂದು ಕೆಳಗೊಂದು ಸೇರಿ 203. ಹನ್ನೆರಡು ಇಂಚು ಎಂದರೆ 304.8. ಒಟ್ಟು ವ್ಯಾಸ 507.8 ಮಿಲಿಮೀಟರ್. ಒಂದು ಸುತ್ತಿಗೆ ಸುಮಾರು 1.6 ಮೀಟರ್ ದಾರಿ. ಭಾಲ್ಕಿ ಮುಟ್ಟುವಷ್ಟರಲ್ಲಿ ಗಾಲಿ 25 ಸಾವಿರ ಸುತ್ತು ಸುತ್ತುತ್ತದೆ!

ಅದೇ ಅಗಲದ ಹದಿಮೂರು ಇಂಚಿನ ಟೈರಿನ ವ್ಯಾಸ 533.2 ಮಿಲಿಮೀಟರ್, ಶೇಕಡಾ 5ರಷ್ಟು ದೊಡ್ಡದು. ಕಾರು ಅರ್ಧ ಇಂಚು ಎತ್ತರವಾಗುತ್ತದೆ. ಆದರೆ ಕಾರಿನ ಮೀಟರು ಎಣಿಸುವುದು ಸುತ್ತುಗಳನ್ನು, ದಾರಿಯನ್ನಲ್ಲ. ಅದಕ್ಕೆ ಗಾಲಿ ಬದಲಾದದ್ದು ಗೊತ್ತಿಲ್ಲ. ಮುಳ್ಳು 60 ಎಂದು ತೋರಿಸುವಾಗ ಕಾರು ನಿಜವಾಗಿ 63ರಲ್ಲಿ ಓಡುತ್ತಿರುತ್ತದೆ. ಮೊಮ್ಮಗ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಮೀಟರಿನ ಪಕ್ಕ ಅಂಟಿಸಿದ.

ಗಾಲಿ ಕಲೆಗಟ್ಟಿದ್ದವು. ಅಲಾಯ್ ಸಿಗದ ಬೇಸರ ತೀರಿಸಲು ಇಬ್ಬರೂ ಸೇರಿ ಅವಕ್ಕೆ ಬೆಳ್ಳಿ ಬಣ್ಣ ಬಳಿದೆವು, ಒಂದಲ್ಲ ಮೂರು ಸಲ. ಕಾರಿಗೆ ಹಾಕಿ, ನಾಲ್ಕು ಮಂದಿಯನ್ನು ಕೂರಿಸಿ, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದೆವು. ಎಲ್ಲೂ ಉಜ್ಜಲಿಲ್ಲ. ಎಲ್ಲ ಅಳೆದಾಯಿತು, ಎಲ್ಲ ನೋಡಿದೆವು ಎಂದುಕೊಂಡೆ.

ಆ ಭಾನುವಾರ ಔರಾದ್‌ನಲ್ಲಿ ಸಂಬಂಧಿಕರ ಮನೆಯಲ್ಲಿ ತೊಟ್ಟಿಲ ಕಾರ್ಯ. ಹಾಗೇ ಅಮರೇಶ್ವರನ ದರ್ಶನವೂ ಆಗಲಿ ಎಂದು ಹೊರಟೆವು. ಮುಂದೆ ನಾನು, ಮೊಮ್ಮಗ. ಹಿಂದೆ ನನ್ನ ಹೆಂಡತಿ, ಭಾಲ್ಕಿಯಿಂದ ಬಂದ ಮಗಳು, ಅವಳ ತೊಡೆಯ ಮೇಲೆ ಎರಡು ವರ್ಷದ ಮೊಮ್ಮಗಳು. ಜನವಾಡ ದಾಟಿದ ಮೇಲೆ ಎಡಗಡೆ ಮುಂದಿನಿಂದ 'ಟಕ್ ಟಕ್' ಎಂದು ಸಣ್ಣ ಸದ್ದು. ರಸ್ತೆ ಸರಿಯಿಲ್ಲವೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸ್ಟೇರಿಂಗು ಕೈಯಲ್ಲಿ ನಡುಗತೊಡಗಿತು. ಮುಂದೆ ಕೌಠಾ, ಮಾಂಜ್ರಾ ನದಿಯ ಸೇತುವೆ.

"ಮುತ್ಯಾ, ನಿಲ್ಸು. ಮೊದ್ಲು ನಿಲ್ಸು" ಎಂದ ಹುಡುಗ.

ಬದಿಗೆ ನಿಲ್ಲಿಸಿ ಇಳಿದೆ. ಎಡಗಡೆ ಮುಂದಿನ ಗಾಲಿಯ ಒಂದು ನಟ್ಟು ಬರಿಗೈಯಲ್ಲೇ ತಿರುಗಿತು. ಇನ್ನೊಂದೂ ತಿರುಗಿತು. ನಾನು ಏನೂ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ನಿದ್ದೆ ಹೋಗಿದ್ದಳು.

ಪಾನಾ ತೆಗೆದು ನಾಲ್ಕೂ ಗಾಲಿಯ ಹದಿನಾರೂ ನಟ್ಟುಗಳನ್ನು ಬಿಗಿದೆ. ಹೆಣ್ಣುಮಕ್ಕಳನ್ನು ಬಸ್ಸಿಗೆ ಹತ್ತಿಸಿದೆವು. ನಾವಿಬ್ಬರು ಸೈಕಲ್ ಓಡಿದಷ್ಟೇ ವೇಗದಲ್ಲಿ, ಐದೈದು ಕಿಲೋಮೀಟರಿಗೆ ನಿಂತು ನಟ್ಟು ನೋಡುತ್ತಾ, ಸಂತಪುರ ದಾಟಿ ಔರಾದ್ ಸೇರಿದೆವು.

ಅಲ್ಲಿ ರಸ್ತೆ ಬದಿಯಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಟೈರ್ ಬಂಡಿ ಕಟ್ಟುತ್ತಿದ್ದರು. ಕಟ್ಟಿಗೆಯ ಗಾಲಿಯ ಬದಲು ಹಳೆ ವಾಹನದ ಟೈರು ಗಾಲಿ ಹಾಕಿದ ಎತ್ತಿನ ಬಂಡಿಯನ್ನು ನಮ್ಮ ಕಡೆಯ ಅಜ್ಜ ಅಜ್ಜಿಯರು ಬಲ್ಲರು. ಅವರು ನಮ್ಮ ಗಾಲಿ ಬಿಚ್ಚಿ, ಬೆರಳಿನಿಂದ ತೂತಿನ ಬಾಯಿ ಸವರಿ ತೋರಿಸಿದರು. ಬೆಳ್ಳಿ ಬಣ್ಣ ಚಿಪ್ಪು ಚಿಪ್ಪಾಗಿ ಎದ್ದಿತ್ತು.

"ನೀವು ನಟ್ಟು ಬಿಗಿದಿದ್ದು ಗಾಲಿಗಲ್ರಿ ಗುರೂಜಿ, ಬಣ್ಣಕ್ಕ" ಎಂದರು. "ಗಾಡಿ ಓಡಿತು, ಬಣ್ಣ ಪುಡಿಯಾತು, ಸಂದು ಬಿತ್ತು, ನಟ್ಟು ಸಡಿಲಾತು. ನಟ್ಟು ಕೂಡೋ ಜಾಗದಾಗ, ಹಬ್ಬಿಗೆ ಹತ್ತೋ ಜಾಗದಾಗ ಬಣ್ಣ ಇರಬಾರ್ದು."

ತಪ್ಪು ಗಾಲಿಯದ್ದಲ್ಲ, ಗುಜರಿ ಅಂಗಡಿಯವರದ್ದೂ ಅಲ್ಲ. ಬಣ್ಣದ ಡಬ್ಬಿ ಕೊಂಡುತಂದ ನನ್ನದೇ. ಇನ್ನೊಂದು ತಪ್ಪೂ ಇತ್ತು: ಗಾಲಿ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರಿನೊಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕು. ಅದಕ್ಕಿಂತ ಮೊದಲೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಟಿದ್ದೆ.

ಮೊಮ್ಮಗ ಮಿಸ್ತ್ರಿಯನ್ನು ಕೇಳಿದ: "ಕಾಕಾ, ನೀವು ಬಂಡಿಗಿ ಜೀಪಿನ ಗಾಲಿ ಹಾಕ್ತೀರಲ್ಲ, ಅದು ಹ್ಯಾಂಗ ಕೂಡ್ತದ?"

ಅವರು ನಕ್ಕರು. "ಬರೇ ಗಾಲಿ ಹಾಕಂಗಿಲ್ಲ ತಮ್ಮಾ. ಅಚ್ಚು, ಹಬ್ಬು, ಗಾಲಿ, ನಟ್ಟು, ನಾಲ್ಕೂ ಒಂದೇ ಮನಿಯವು ಬರಬೇಕು. ಮತ್ತ ಎತ್ತು ಅರವತ್ತರ ಸ್ಪೀಡಿನಾಗ ಓಡಂಗಿಲ್ಲ."

ಅವರು ನಟ್ಟಿನ ಬಗ್ಗೆಯೂ ಒಂದು ಮಾತು ಹೇಳಿದರು. ನೋಡಲು ಒಂದೇ ತರಹದ ನಟ್ಟುಗಳ ಒಳಗಿನ ಸುರುಳಿ ಬೇರೆ ಬೇರೆ ಇರುತ್ತದೆ. ಕೆಲವಕ್ಕೆ ಎಳೆಯಿಂದ ಎಳೆಗೆ 1.25 ಮಿಲಿಮೀಟರ್, ಕೆಲವಕ್ಕೆ 1.5. ಬೇರೆ ಕಾರಿನ ನಟ್ಟು ಎರಡು ಸುತ್ತು ಹೋಗಿ ಗಟ್ಟಿಯಾಗುತ್ತದೆ. ಬಿಗಿಯಾಯಿತು ಎಂದುಕೊಳ್ಳುತ್ತೇವೆ. ನಿಜವಾಗಿ ಅದು ಸಿಕ್ಕಿಬಿದ್ದಿರುತ್ತದೆ.

ನಾಲ್ಕೂ ಗಾಲಿಯ ತೂತಿನ ಬಾಯಿಯ ಬಣ್ಣ ಕೆರೆದು, ಒಂದರ ಎದುರಿನದು ಇನ್ನೊಂದು ಎನ್ನುವ ಕ್ರಮದಲ್ಲಿ ನಟ್ಟು ಬಿಗಿದು ಕೊಟ್ಟರು. ಹಣ ಕೊಡಲು ಹೋದರೆ ಚಹಾದಷ್ಟು ಮಾತ್ರ ತೆಗೆದುಕೊಂಡರು.

ಬೀದರ್‌ಗೆ ಬಂದ ಮರುದಿನ ನಾನು ಹನ್ನೆರಡು ಇಂಚಿನ ಟೈರಿಗೆ ಆರ್ಡರ್ ಹಾಕಿದೆ. ಮೊಮ್ಮಗ ಬೇಸರ ಮಾಡಿಕೊಂಡ. "ಈಗ ಸರಿ ಆಗ್ಯದಲ್ಲ ಮುತ್ಯಾ?" ಅವನನ್ನು ಕೂರಿಸಿ ಹೇಳಿದೆ. ಹದಿಮೂರು ಇಂಚಿನ ಗಾಲಿ ಕೂತಿದೆ, ನಿಜ. ಆದರೆ ಈ ಕಾರಿನ ಮೀಟರು, ಬ್ರೇಕು, ಗೇರು ಎಲ್ಲವನ್ನೂ ಹನ್ನೆರಡು ಇಂಚಿಗೆ ಹೊಂದಿಸಿ ಮಾಡಿದ್ದಾರೆ. ಕಂಪನಿ ಮೂಲದಲ್ಲಿ ಹೇಳಿದ್ದಕ್ಕಿಂತ, ನೋಂದಣಿ ಪುಸ್ತಕದಲ್ಲಿ ಇದ್ದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಹಳೆ ಕಾರಿನ ನೋಂದಣಿ ನವೀಕರಿಸುವಾಗ ಇಂಥದ್ದಕ್ಕೆಲ್ಲ ಉತ್ತರ ಕೊಡಬೇಕಾಗುತ್ತದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೀಟರಿನ ಪಕ್ಕದ ಚೀಟಿಯನ್ನು ತಾನೇ ಕಿತ್ತ.

ಅಜ್ಜಂದಿರೇ, ಅಜ್ಜಿಯರೇ, ಮುಂದಿನ ಭಾನುವಾರ ಮೊಮ್ಮಕ್ಕಳನ್ನು ಕರೆದುಕೊಂಡು ಕಾರಿನ ಸುತ್ತ ಒಂದು ಸುತ್ತು ಬನ್ನಿ. ಕಾರು ಸಪಾಟು ನೆಲದ ಮೇಲೆ, ಹ್ಯಾಂಡ್ ಬ್ರೇಕ್ ಹಾಕಿ ನಿಂತಿರಲಿ. ಮಕ್ಕಳು ಕಾರಿನ ಅಡಿಗೆ ಹೋಗುವುದು ಬೇಡ, ಜಾಕ್ ಮುಟ್ಟುವುದೂ ಬೇಡ. ನಟ್ಟು ಎಣಿಸಲಿ. ಟೈರಿನ ಮೇಲಿನ ಅಳತೆ ಓದಿ ಸುತ್ತಳತೆಯ ಲೆಕ್ಕ ಹಾಕಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಹುಡುಕಲಿ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು. ಗಾಡಿಗಳ ನಡುವಿನ ಆಳವನ್ನೂ ನೋಡಲಿ. ಕಾರಿನ ಟೈರಿನಲ್ಲಿ ಅದು 1.6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಟೈರು ಬದಲಿಸುವ ಕಾಲ ಬಂದಿದೆ ಎಂದರ್ಥ.

ರಜೆ ಮುಗಿದು ಮೊಮ್ಮಗ ಭಾಲ್ಕಿಗೆ ಹೋದ. ಈಗಲೂ ನಾವು ಎಲ್ಲಿಗಾದರೂ ಹೊರಡುವ ಹಿಂದಿನ ರಾತ್ರಿ ಅವನ ಫೋನು ಬರುತ್ತದೆ. ಊಟ ಆಯಿತೇ ಎಂದು ಆಮೇಲೆ ಕೇಳುತ್ತಾನೆ. ಮೊದಲು ಕೇಳುವುದು, "ಮುತ್ಯಾ, ನಟ್ಟು ನೋಡಿದಿ?"